ಎರಡನೇ ಪ್ರಶ್ನೆ

ಮತ ಕೇಳಲು ಬಂದವರಿಗೆ ಎದುರು ಪ್ರಶ್ನೆ ಹಾಕುವುದು ನಮ್ಮ ಕಡೆ ಇವತ್ತಿಗೂ ಮರ್ಯಾದೆಗೆಟ್ಟ ಕೆಲಸ. ದಾವಣಗೆರೆ, ಹರಿಹರ ಸೀಮೆಯ ಯಾವ ಹಳ್ಳಿಗೆ ಹೋದರೂ ಅಷ್ಟೇ. ಅಭ್ಯರ್ಥಿಯ ಗಾಡಿ ಊರ ಮುಂದೆ ಬರುತ್ತಿದ್ದಂತೆ ಡೊಳ್ಳು, ಪಟಾಕಿ, ಜೆಸಿಬಿ ಮೇಲಿಂದ ಹೂವಿನ ಮಳೆ, ಹೆಣ್ಣುಮಕ್ಕಳಿಂದ ಆರತಿ. ಅವರು ಕೈ ಮುಗಿಯುತ್ತಾ ಓಣಿಯಲ್ಲಿ ನಡೆದು, ಗುಡಿ ಕಟ್ಟೆ ಮೇಲೆ ನಿಂತು ನಾಲ್ಕು ಮಾತಾಡಿ, ಮುಂದಿನ ಊರಿಗೆ ಹೊರಡುತ್ತಾರೆ. ನಡುವೆ ಯಾರೋ ಹುಡುಗ "ಸರ್, ಹೋದ್ ಸಲ ಹೇಳಿದ್ ರಸ್ತೆ ಏನಾತು?" ಅಂದರೆ ಊರ ಹಿರಿಯರೇ ಅವನ ರಟ್ಟೆ ಹಿಡಿದು ಹಿಂದಕ್ಕೆ ಎಳೆಯುತ್ತಾರೆ. "ಬಾಗ್ಲಿಗೆ ಬಂದೋರನ್ನ ಹಂಗ್ ಕೇಳ್ತಾರೇನೋ?"

ಹಿರಿಯರ ಈ ಮಾತಿನಲ್ಲಿ ಒಳ್ಳೆಯತನವಿದೆ, ಅದನ್ನು ನಾನು ಹೀಗಳೆಯುವುದಿಲ್ಲ. ಆದರೆ ಅದೇ ಹಿರಿಯರು ಎತ್ತು ಕೊಳ್ಳಲು ಹೋದಾಗ ಹಲ್ಲು ನೋಡದೆ, ಸುಳಿ ನೋಡದೆ, ನೊಗ ಹೂಡಿ ಎರಡು ಸಾಲು ಹೊಡೆಸದೆ ದುಡ್ಡು ಎಣಿಸಿದವರಲ್ಲ. ಐದು ವರ್ಷದ ಮಟ್ಟಿಗೆ ನಮ್ಮ ನಾಲೆ, ಆಸ್ಪತ್ರೆ, ಶಾಲೆ, ರಸ್ತೆ ಎಲ್ಲದರ ಮಾತನ್ನೂ ಒಬ್ಬರ ಕೈಗೆ ಕೊಡುವಾಗ ಮಾತ್ರ ಕೇಳುವುದು ಅವಮಾನ ಹೇಗಾಗುತ್ತದೆ?

ಓಣಿಯಲ್ಲಿ ನಿಂತ ಆ ಹುಡುಗನಿಗೆ ಸಂಕೋಚದ ಜೊತೆ ಭಯವೂ ಇದೆ. ನಾಳೆ ಮನೆ ಮಂಜೂರಾಗುವ ಪಟ್ಟಿಯಲ್ಲಿ ಹೆಸರು ಬಿಟ್ಟುಹೋದರೆ? ಪಹಣಿ ತಿದ್ದುಪಡಿಗೆ ತಾಲ್ಲೂಕು ಕಚೇರಿಗೆ ಅಲೆಯುವಾಗ ಒಂದು ಫೋನ್ ಮಾಡಿಸುವವರೂ ಇಲ್ಲದೆ ಹೋದರೆ? ಅವನು ಕೇಳಲಾರದ್ದನ್ನು ಕೇಳಲೆಂದೇ ನಾವು ಪತ್ರಕರ್ತರಿಗೆ ಮುಂದಿನ ಸಾಲಿನ ಕುರ್ಚಿ ಬಿಟ್ಟುಕೊಟ್ಟಿರುವುದು. ಹಾಗಾಗಿ, ಅಭ್ಯರ್ಥಿಗಳನ್ನು ಪತ್ರಕರ್ತರು ಬಿಗಿಯಾಗಿ ಪ್ರಶ್ನಿಸಬೇಕೇ ಎಂದರೆ ನನ್ನ ಉತ್ತರ ಹೌದು. ಬಿಗಿ ಅಂದರೆ ಏನು ಅನ್ನುವುದರಲ್ಲಿ ಮಾತ್ರ ನನಗೂ ಈಗಿನ ಟಿವಿಯವರಿಗೂ ತಾಳೆಯಾಗುವುದಿಲ್ಲ. ಮೊದಲ ಪ್ರಶ್ನೆಗೆ ಹಾರಿಕೆಯ ಉತ್ತರ ಬಂದಾಗ, ದನಿ ಏರಿಸದೆ, ಬಿಡದೆ ಎರಡನೆಯದನ್ನು ಕೇಳುವುದೇ ಬಿಗಿ. ನಮ್ಮಲ್ಲಿ ಮೊದಲ ಪ್ರಶ್ನೆ ಕೇಳುವವರಿಗೆ ಬರವಿಲ್ಲ. ಎರಡನೆಯದು ಎಲ್ಲೋ ಕಳೆದುಹೋಗುತ್ತದೆ.

ಅದು ಹೇಗೆ ಕಳೆದುಹೋಗುತ್ತದೆ ಅನ್ನುವುದನ್ನು ಒಮ್ಮೆ ಕಣ್ಣಾರೆ ಕಂಡೆ. ಚುನಾವಣೆ ಹೊತ್ತಿನಲ್ಲಿ ಅಭ್ಯರ್ಥಿಯೊಬ್ಬರ ಜೊತೆ ಪತ್ರಕರ್ತರ ಸಂವಾದ ಏರ್ಪಾಡಾಗಿತ್ತು. ಪರಿಚಯದವರೊಬ್ಬರ ಜೊತೆ ಹೋಗಿ ಹಿಂದಿನ ಸಾಲಿನಲ್ಲಿ ಕೂತಿದ್ದೆ. ಮೇಜಿನ ಮೇಲೆ ಚಾನೆಲ್‌ಗಳ ಲೋಗೋ ಹಾಕಿದ ಮೈಕುಗಳ ಗುಡ್ಡೆ, ರೆಕಾರ್ಡಿಂಗ್ ಒತ್ತಿ ಇಟ್ಟ ಮೊಬೈಲುಗಳು. ಅಭ್ಯರ್ಥಿಯ ಎಡಕ್ಕೂ ಬಲಕ್ಕೂ ಮುಖಂಡರು, ಹಿಂದೆ ನಿಂತವರು ಇನ್ನಷ್ಟು. ಅವರು ಬಾಯಿ ತೆರೆಯುವ ಮೊದಲೇ ಏನು ಹೇಳಲಿದ್ದಾರೆ ಎಂಬ ಪ್ರೆಸ್‌ನೋಟ್ ಎಲ್ಲರ ಕೈ ಸೇರಿತ್ತು. ಭಾಷಣ ಮುಗಿದ ಮೇಲೆ ಸಣ್ಣ ಪತ್ರಿಕೆಯ ವರದಿಗಾರ್ತಿಯೊಬ್ಬಳು ಎದ್ದಳು.

"ಸರ್, ನಾಲೆ ಕೊನೇ ಭಾಗಕ್ಕೆ ನೀರು ಮುಟ್ಟಿಸ್ತೀವಿ ಅಂದ್ರಿ. ಹೆಂಗೆ ಮುಟ್ಟಿಸ್ತೀರಿ?"

"ನೋಡಮ್ಮ, ರೈತ ದೇಶದ ಬೆನ್ನೆಲುಬು. ನಾನೂ ರೈತನ ಮಗ. ಕೊನೇ ಭಾಗದೋರ ಕಷ್ಟ ನಂಗೆ ಗೊತ್ತೈತಿ. ಗೆದ್ದ್ ಮೇಲೆ ಅಧಿಕಾರಿಗಳ ಸಭೆ ಕರೆದು ಸೂಕ್ತ ಕ್ರಮ ತಗೋತೀವಿ."

"ಅಲ್ಲ ಸರ್, ಮೇಲ್ಗಡೆ ನಾಲೆಗೆ ಹಾಕಿರೋ ಅಕ್ರಮ ಪಂಪ್‌ಸೆಟ್ ತೆಗೆಸ್ತೀರಾ? ಅಲ್ಲಿನೋರೂ ನಿಮ್ಮ ಮತದಾರರೇ ಅಲ್ವಾ?"

ಇಡೀ ಹಾಲ್ ಒಂದು ಗಳಿಗೆ ತಣ್ಣಗಾಯಿತು. ಅಭ್ಯರ್ಥಿ ಉತ್ತರ ಕೊಡಲು ಬಾಯಿ ತೆರೆದರು ಅಂತಲೇ ನನಗೆ ಅನ್ನಿಸಿತು. ಅಷ್ಟರಲ್ಲಿ ಪಕ್ಕದ ಮುಖಂಡರು ಮೈಕ್ ಎಳೆದುಕೊಂಡರು. "ಒಬ್ರಿಗೆ ಒಂದೇ ಪ್ರಶ್ನೆ ಅಂತ ಮೊದ್ಲೇ ಹೇಳೈತಲ್ಲಮ್ಮ. ಬೇರೆಯೋರಿಗೂ ಅವಕಾಶ ಕೊಡ್ರಿ." ಮುಂದಿನವರು ಎದ್ದು ಕೇಳಿದ್ದು, "ಸರ್, ಎಷ್ಟು ಲೀಡಲ್ಲಿ ಗೆಲ್ತೀರಿ?" ಅಭ್ಯರ್ಥಿಯ ಮುಖ ಅರಳಿತು. ಮರುದಿನದ ಪತ್ರಿಕೆಗಳಲ್ಲಿ ಕೊನೇ ಭಾಗಕ್ಕೆ ನೀರು ಹರಿಸುವ ಭರವಸೆ ತಲೆಬರಹವಾಗಿತ್ತು. ಸುದ್ದಿಯ ಕಡೇ ಪ್ಯಾರಾ ಪೂರ್ತಿ ಗೋಷ್ಠಿಯಲ್ಲಿದ್ದ ಮುಖಂಡರ ಹೆಸರುಗಳು. ಆ ಹುಡುಗಿಯ ಎರಡನೇ ಪ್ರಶ್ನೆಗೆ ಎಲ್ಲೂ ಒಂದು ಸಾಲಿನ ಜಾಗ ಸಿಕ್ಕಿರಲಿಲ್ಲ.

ಆ ಪ್ರಶ್ನೆಯ ತೂಕ ಗೊತ್ತಾಗಬೇಕಾದರೆ ಭದ್ರಾ ನಾಲೆಯ ಕತೆ ಗೊತ್ತಿರಬೇಕು. ನಮ್ಮ ಜಮೀನು ಇರುವುದು ದೇವರಬೆಳಕೆರೆ ಕಡೆ, ನಾಲೆಯ ಕೊನೇ ಭಾಗದಲ್ಲಿ. ಲಕ್ಕವಳ್ಳಿಯ ಡ್ಯಾಮಿಗೆ ನೀರು ಬರುವಾಗ ಇಲ್ಲಿ ನಾವು ದಿನಾ ಬೆಳಗ್ಗೆ ಪತ್ರಿಕೆಯಲ್ಲಿ ಮಟ್ಟ ನೋಡುತ್ತೇವೆ. ತುಂಬಿದರೆ 186 ಅಡಿ, 71.5 ಟಿಎಂಸಿ. ಈ ಎರಡು ಅಂಕಿ ನಮ್ಮೂರಿನ ಶಾಲೆ ಹುಡುಗರಿಗೂ ಬಾಯಿಪಾಠ. ಆದರೆ ಡ್ಯಾಮು ತುಂಬಿದರೂ ನಾಲೆಗೆ ಬಿಟ್ಟ ನೀರು ಭದ್ರಾವತಿ, ಚನ್ನಗಿರಿ ದಾಟಿ ನಮ್ಮ ತೂಬಿಗೆ ಬರುವ ಹೊತ್ತಿಗೆ ಸೊರಗಿರುತ್ತದೆ. ದಾರಿಯುದ್ದಕ್ಕೂ ನಾಲೆಗೆ ಪೈಪು ಇಳಿಬಿಟ್ಟು ಅಚ್ಚುಕಟ್ಟಿನಲ್ಲಿ ಇಲ್ಲದ ತೋಟಗಳಿಗೆ ನೀರು ಎತ್ತುತ್ತಾರೆ. ಅವರೂ ರೈತರೇ, ಅವರಿಗೂ ಸಾಲವಿದೆ, ಅಡಿಕೆ ಗಿಡ ಒಣಗಿದರೆ ಅವರಿಗೂ ಹೊಟ್ಟೆ ಉರಿಯುತ್ತದೆ. ಚನ್ನಗಿರಿಯೂ ದಾವಣಗೆರೆ ಲೋಕಸಭಾ ಕ್ಷೇತ್ರದಲ್ಲೇ ಇದೆ, ಹರಿಹರವೂ ಇದೆ. ಹಾಗಿರುವಾಗ ಒಬ್ಬ ಅಭ್ಯರ್ಥಿ ಕೊನೇ ಭಾಗಕ್ಕೆ ನೀರು ಮುಟ್ಟಿಸುತ್ತೇನೆ ಅಂದರೆ, ಮೇಲಿನವರಲ್ಲಿ ಯಾರ ಪೈಪು ತೆಗೆಸುತ್ತೇನೆ ಅಂತಲೂ ಹೇಳಬೇಕಾಗುತ್ತದೆ. ಮೊದಲ ಪ್ರಶ್ನೆಗೆ ಯಾರ ಮತವೂ ಕಳೆದುಕೊಳ್ಳದ ಉತ್ತರವಿದೆ. ಎರಡನೆಯದಕ್ಕೆ ಅಂಥ ಉತ್ತರವೇ ಇಲ್ಲ. ಅದಕ್ಕೇ ಮೈಕ್ ಎಳೆದುಕೊಂಡಿದ್ದು.

ಇದಕ್ಕಿಂತ ದೊಡ್ಡದು ಭದ್ರಾ ಮೇಲ್ದಂಡೆ ಯೋಜನೆಯ ಮಾತು. ಚಿತ್ರದುರ್ಗ, ತುಮಕೂರು, ಚಿಕ್ಕಮಗಳೂರು ಮತ್ತು ನಮ್ಮದೇ ಜಿಲ್ಲೆಯ ಜಗಳೂರಿನಂಥ ಬರದ ತಾಲ್ಲೂಕುಗಳಿಗೆ ನೀರು ಕೊಡುವ ಯೋಜನೆ. ಸುಮಾರು 2.25 ಲಕ್ಷ ಹೆಕ್ಟೇರಿಗೆ ನೀರುಣಿಸಬೇಕು. ಅದರ ಲೆಕ್ಕ ಹೀಗಿದೆ: ತುಂಗೆಯಿಂದ 17.40 ಟಿಎಂಸಿ ಎತ್ತಿ ಭದ್ರೆಗೆ ಹಾಕುವುದು, ಭದ್ರೆಯಿಂದ 29.90 ಟಿಎಂಸಿ ಎತ್ತಿ ಅಜ್ಜಂಪುರದ ಸುರಂಗದ ಮೂಲಕ ಆ ಕಡೆ ಕಳಿಸುವುದು. ಅಂದರೆ ಭದ್ರೆಯದೇ ನೀರು ಹೋಗುವುದು 12.50 ಟಿಎಂಸಿ. ಕಾಗದದ ಮೇಲೆ ಯಾರಿಗೂ ಅನ್ಯಾಯವಿಲ್ಲ. ತುಂಗೆಯ ನೀರು ಬರುವ ಮೊದಲೇ ಭದ್ರೆಯಿಂದ ಎತ್ತಲು ಶುರು ಮಾಡಿದರೆ ನಮ್ಮ ಗತಿ ಏನು ಎಂಬುದು ದಾವಣಗೆರೆ ರೈತರ ಅಂಜಿಕೆ. ತಲೆಮಾರುಗಟ್ಟಲೆ ಕಾದಿದ್ದೇವೆ, ಇನ್ನೂ ಎಷ್ಟು ಕಾಯಬೇಕು ಎಂಬುದು ಚಿತ್ರದುರ್ಗದವರ ಸಂಕಟ. ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷಕ್ಕೆ. ಅವತ್ತು ಆ ನೀರು ನೋಡಲು ಜನ ಟ್ರ್ಯಾಕ್ಟರ್ ಕಟ್ಟಿಕೊಂಡು ಹೋದರು. ಆ ಸೀಮೆಯ ಬಾಯಾರಿಕೆ ಕಂಡವರು ಯಾರೂ ಅವರಿಗೆ ನೀರು ಬೇಡ ಎನ್ನಲಾರರು.

2023ರಲ್ಲಿ ಮಳೆ ಕೈಕೊಟ್ಟಿತು. ನಾಲೆ ನೀರು ಪೂರ್ತಿ ಹಂಗಾಮಿಗೆ ಸಿಗುತ್ತದೋ ಇಲ್ಲವೋ ಎಂದಾದಾಗ ಭತ್ತ ಹಚ್ಚಿದ್ದ ರೈತರು ದಾವಣಗೆರೆಯಲ್ಲಿ ಬೀದಿಗಿಳಿದರು. 2025ರ ಜೂನ್‌ನಲ್ಲಿ ಹೊಸದುರ್ಗ ಕಡೆಗೆ ಕುಡಿಯುವ ನೀರು ಒಯ್ಯಲು ಭದ್ರಾ ಬಲದಂಡೆ ನಾಲೆ ಸೀಳುತ್ತಾರೆಂದು ಮತ್ತೆ ಇಲ್ಲಿ ಕೂಗೆದ್ದಿತು. ದಾವಣಗೆರೆಗೂ ಚಿತ್ರದುರ್ಗಕ್ಕೂ ಹೆದ್ದಾರಿಯಲ್ಲಿ ಸುಮಾರು 60 ಕಿಲೋಮೀಟರ್. ಈ 60 ಕಿಲೋಮೀಟರಿನೊಳಗೆ ಒಂದೇ ಪಕ್ಷದ ಮುಖಂಡರ ಮಾತು ಬದಲಾಗುತ್ತದೆ. ಇಲ್ಲಿ ನಿಂತಾಗ ಒಂದು ಹನಿ ಬಿಡುವುದಿಲ್ಲ, ಅಲ್ಲಿ ನಿಂತಾಗ ನೀರು ಹರಿಸಿಯೇ ತೀರುತ್ತೇವೆ. ಇದು ಒಂದು ಪಕ್ಷದ ಚಾಳಿಯಲ್ಲ, ಎಲ್ಲರದ್ದೂ. ಇಲ್ಲಿನ ಪತ್ರಿಕೆಯ ಜಿಲ್ಲಾ ಪುಟ ಅಲ್ಲಿಗೆ ಹೋಗುವುದಿಲ್ಲ, ಅಲ್ಲಿನದು ಇಲ್ಲಿಗೆ ಬರುವುದಿಲ್ಲ. ಹಾಗಾಗಿ ಎರಡು ಮಾತೂ ನಡೆದುಹೋಗುತ್ತವೆ.

ಹಣದ ವಿಷಯಕ್ಕೆ ಬಂದರೂ ಅದೇ. 2023ರ ಫೆಬ್ರುವರಿ 1ರಂದು ಕೇಂದ್ರ ಬಜೆಟ್‌ನಲ್ಲಿ ನಿರ್ಮಲಾ ಸೀತಾರಾಮನ್ ಅವರು ಭದ್ರಾ ಮೇಲ್ದಂಡೆಗೆ 5,300 ಕೋಟಿ ರೂಪಾಯಿ ಘೋಷಿಸಿದರು. ಮೇ 10ರಂದು ವಿಧಾನಸಭೆಗೆ ಮತದಾನ ನಡೆಯಿತು. ಆಮೇಲೆ ದುಡ್ಡು ಬರಲಿಲ್ಲ ಎಂದು ರಾಜ್ಯ ಸರ್ಕಾರ ಹೇಳುತ್ತಾ ಬಂತು, ರಾಜ್ಯವೇ ಮಾಡಬೇಕಾದ್ದನ್ನು ಮಾಡಲಿಲ್ಲ ಎಂದು ಆ ಕಡೆಯವರು ಹೇಳುತ್ತಾ ಬಂದರು. 2024ರ ಲೋಕಸಭಾ ಚುನಾವಣೆಯಲ್ಲಿ ಎರಡೂ ಕಡೆಯವರು ಈ 5,300 ಕೋಟಿಯನ್ನು ಹಿಡಿದುಕೊಂಡು ಪ್ರಚಾರ ಮಾಡಿದರು. ಬಿಜೆಪಿ ಅಭ್ಯರ್ಥಿಗೆ "ಇವತ್ತಿನವರೆಗೆ ಎಷ್ಟು ಬಿಡುಗಡೆಯಾಗಿದೆ, ಆದೇಶದ ಪ್ರತಿ ತೋರಿಸಿ" ಎಂದೂ, ಕಾಂಗ್ರೆಸ್ ಅಭ್ಯರ್ಥಿಗೆ "ಕೇಂದ್ರ ಕೇಳಿದ ಯಾವ ಕಾಗದ ರಾಜ್ಯದ ಕಡೆಯಿಂದ ಬಾಕಿ ಇದೆ" ಎಂದೂ ಒಂದೇ ದಿನ ಕೇಳಿದ್ದರೆ ನಮಗೆ ಎಷ್ಟೋ ತಿಳಿಯುತ್ತಿತ್ತು. ತುಮಕೂರು–ಚಿತ್ರದುರ್ಗ–ದಾವಣಗೆರೆ ನೇರ ರೈಲು ಮಾರ್ಗದ ಪಾಡೂ ಇದೇ. 2011–12ರಲ್ಲಿ ಮಂಜೂರಾದ ಯೋಜನೆ ಎಷ್ಟೋ ಚುನಾವಣೆಗಳ ಭಾಷಣಕ್ಕೆ ಬಂದು ಹೋಗಿದೆ. ಜಮೀನು ಬಿಡಿಸಿಕೊಡುವುದು ಯಾರ ಕೆಲಸ, ಹಳಿ ಹಾಕುವುದು ಯಾರ ಕೆಲಸ, ಎಲ್ಲಿ ನಿಂತಿದೆ ಎಂಬುದನ್ನು ಅಭ್ಯರ್ಥಿಯ ಬಾಯಿಂದಲೇ ತೆಗೆಸಿದ ಒಂದು ಸಂದರ್ಶನವನ್ನೂ ನಾನು ಓದಿಲ್ಲ.

ದೇಶದ ಮಟ್ಟದಲ್ಲಿ ಏನಾಯಿತು ಎಂಬುದು ಎಲ್ಲರಿಗೂ ಗೊತ್ತಿರುವುದೇ, ಬೇಗ ಹೇಳಿ ಮುಗಿಸುತ್ತೇನೆ. 2004ರಲ್ಲಿ ಟಿವಿ ಪತ್ರಕರ್ತ ಕರಣ್ ಥಾಪರ್ ಅವರ ಸಂದರ್ಶನದ ಕೊನೆಯಲ್ಲಿ ಜಯಲಲಿತಾ, ನಿಮ್ಮ ಜೊತೆ ಮಾತಾಡಿದ್ದು ಸಂತೋಷ ಕೊಡಲಿಲ್ಲ ಎಂದು ಮುಖಕ್ಕೇ ಹೇಳಿದರು. ಆದರೆ ಕೊನೆಯವರೆಗೂ ಕೂತಿದ್ದರು, ಉತ್ತರ ಕೊಟ್ಟಿದ್ದರು. 2007ರಲ್ಲಿ ಗುಜರಾತಿನ ಮುಖ್ಯಮಂತ್ರಿಯಾಗಿದ್ದ ನರೇಂದ್ರ ಮೋದಿ ಅದೇ ಸಂದರ್ಶಕರ ಮುಂದೆ ಕೆಲವೇ ನಿಮಿಷ ಕೂತು, ನೀರು ಕೇಳಿ ಕುಡಿದು, ಮೈಕ್ ತೆಗೆದಿಟ್ಟು ಎದ್ದರು. 2014ರ ಜನವರಿಯಲ್ಲಿ ಮನಮೋಹನ್ ಸಿಂಗ್ ಪ್ರಧಾನಿಯಾಗಿ ತಮ್ಮ ಕೊನೆಯ ದೊಡ್ಡ ಪತ್ರಿಕಾಗೋಷ್ಠಿ ನಡೆಸಿ ಹಗರಣಗಳ ಬಗ್ಗೆಯೂ ಪ್ರಶ್ನೆ ಎದುರಿಸಿದರು. ಅದೇ ತಿಂಗಳು ರಾಹುಲ್ ಗಾಂಧಿ ಟಿವಿಗೆ ಕೊಟ್ಟ ದೀರ್ಘ ಸಂದರ್ಶನದಲ್ಲಿ ಕೇಳಿದ್ದನ್ನು ಬಿಟ್ಟು ಬೇರೆಯದಕ್ಕೇ ಉತ್ತರ ಕೊಡುತ್ತಾ ಹೋದದ್ದನ್ನು ದೇಶವೇ ನೋಡಿತು. 2019ರ ಮೇ 17ರಂದು ಮತದಾನದ ಕೊನೇ ಹಂತಕ್ಕೆ ಮೊದಲು ಪ್ರಧಾನಿ ಮೋದಿ ಪತ್ರಿಕಾಗೋಷ್ಠಿಗೆ ಬಂದರು, ಪ್ರಶ್ನೆಗಳಿಗೆ ಉತ್ತರಿಸಲಿಲ್ಲ. 2024ರಲ್ಲಿ ಇಬ್ಬರು ನಿವೃತ್ತ ನ್ಯಾಯಮೂರ್ತಿಗಳು ಮತ್ತು ಒಬ್ಬ ಹಿರಿಯ ಸಂಪಾದಕರು ಮೋದಿ, ರಾಹುಲ್ ಇಬ್ಬರನ್ನೂ ಬಹಿರಂಗ ಚರ್ಚೆಗೆ ಕರೆದರು. ರಾಹುಲ್ ಗಾಂಧಿ ಒಪ್ಪಿದರು, ಚರ್ಚೆ ನಡೆಯಲಿಲ್ಲ. ದೊಡ್ಡವರು ಹೀಗೆ ಮಾಡಿದ್ದನ್ನು ನೋಡಿ ಚಿಕ್ಕವರು ಕಲಿತರು. ಈಗ ನಮ್ಮ ಜಿಲ್ಲೆಗಳ ಅಭ್ಯರ್ಥಿಗಳಿಗೂ ಪತ್ರಕರ್ತರ ಮುಂದೆ ಕೂರಬೇಕಾದ ಗರಜಿಲ್ಲ. ಒಂದು ಫೇಸ್‌ಬುಕ್ ಲೈವ್, ಒಂದು ರೀಲ್ಸ್ ತಂಡ ಇದ್ದರೆ ಸಾಕು.

ಇನ್ನು ಪತ್ರಕರ್ತರ ಕಡೆ. ವರದಿಗಾರರನ್ನು ಬೈಯುವುದು ಸುಲಭ, ನಾನು ಬೈಯುವುದಿಲ್ಲ. ತಾಲ್ಲೂಕು ಮಟ್ಟದಲ್ಲಿ ಸುದ್ದಿ ಕಳಿಸುವ ಎಷ್ಟೋ ಜನರಿಗೆ ಸಂಬಳವೆಂಬುದೇ ಇಲ್ಲ. ಸಿಗುವುದು ಗೌರವಧನ, ಇಲ್ಲವೇ ತಂದುಕೊಟ್ಟ ಜಾಹೀರಾತಿನ ಕಮಿಷನ್. ಆ ಜಾಹೀರಾತು ಕೊಡುವವರು ಯಾರು? ಶಾಸಕರ ಹುಟ್ಟುಹಬ್ಬಕ್ಕೆ, ಜಾತ್ರೆಗೆ, ದೀಪಾವಳಿಗೆ ಶುಭಾಶಯ ಕೋರುವ ಅದೇ ಮುಖಂಡರು. ಬೆಳಗ್ಗೆ ಸಂವಾದದಲ್ಲಿ ಪಂಪ್‌ಸೆಟ್ ಪ್ರಶ್ನೆ ಕೇಳಿ, ಸಂಜೆ ಅದೇ ಮನೆಗೆ ಪುರವಣಿಯ ಜಾಹೀರಾತಿಗೆ ಹೋಗಿ ನಿಲ್ಲುವುದು ಹೇಗೆ? ಎರಡನೇ ಪ್ರಶ್ನೆ ಅಲ್ಲೇ ಸಾಯುತ್ತದೆ. ಅದನ್ನು ಕೊಂದವರಲ್ಲಿ, ಪತ್ರಿಕೆಗೆ ಚಂದಾ ಕೊಡದೆ ಮೊಬೈಲಿನಲ್ಲಿ ಪಿಡಿಎಫ್ ಹಂಚಿಕೊಂಡು ಓದುವ ನಾವೂ ಇದ್ದೇವೆ.

ಇದರ ಮುಂದಿನ ಮೆಟ್ಟಿಲು ಕಾಸಿಗೆ ಸುದ್ದಿ. 2009ರ ಲೋಕಸಭಾ ಚುನಾವಣೆಯ ನಂತರ ಇದು ದೇಶದಲ್ಲಿ ದೊಡ್ಡ ಗಲಾಟೆಯಾಗಿ ಭಾರತೀಯ ಪತ್ರಿಕಾ ಮಂಡಳಿ ವಿಚಾರಣೆ ನಡೆಸಿತು. ಕಾಸಿಗೆ ಹಾಕಿಸಿದ ಸುದ್ದಿಯ ಖರ್ಚನ್ನು ಲೆಕ್ಕದಲ್ಲಿ ತೋರಿಸದೆ ಇದ್ದುದಕ್ಕೆ ಉತ್ತರ ಪ್ರದೇಶದ ಶಾಸಕಿ ಉಮ್ಲೇಶ್ ಯಾದವ್ ಅವರನ್ನು ಚುನಾವಣಾ ಆಯೋಗ 2011ರಲ್ಲಿ ಮೂರು ವರ್ಷಕ್ಕೆ ಅನರ್ಹಗೊಳಿಸಿತು. ಈಗ ಪ್ರತಿ ಜಿಲ್ಲೆಯಲ್ಲೂ ಇಂಥ ಸುದ್ದಿಯ ಮೇಲೆ ಕಣ್ಣಿಡುವ ಸಮಿತಿ ಇದೆ. ಲೋಕಸಭೆಗೆ 95 ಲಕ್ಷ, ವಿಧಾನಸಭೆಗೆ 40 ಲಕ್ಷ ರೂಪಾಯಿ ನಮ್ಮ ರಾಜ್ಯದಲ್ಲಿ ಅಭ್ಯರ್ಥಿಯ ಖರ್ಚಿನ ಮಿತಿ. ಆದರೆ ಬರೆಯದೆ ಬಿಟ್ಟ ಸುದ್ದಿ, ಕೇಳದೆ ಬಿಟ್ಟ ಪ್ರಶ್ನೆ ಯಾವ ಸಮಿತಿಯ ಕಣ್ಣಿಗೂ ಬೀಳುವುದಿಲ್ಲ.

ಟಿವಿಯಲ್ಲಿ ನಡೆಯುವುದೇ ಬಿಗಿಯಾದ ಪ್ರಶ್ನೆ ಅಂದುಕೊಂಡವರೂ ಇದ್ದಾರೆ. ಅಲ್ಲಿ ಕೂಗಾಟವಿದೆ, ಉತ್ತರ ಬರುವ ಮೊದಲೇ ಮುಂದಿನ ಪ್ರಶ್ನೆಯಿದೆ. ಅದರಿಂದ ಅಭ್ಯರ್ಥಿಗೆ ಅನುಕೂಲವೇ. ಯಾಕೆಂದರೆ ಗದ್ದಲದಲ್ಲಿ ಉತ್ತರ ಕೊಡಬೇಕಾದ್ದಿಲ್ಲ, ಸಿಟ್ಟು ಮಾಡಿಕೊಂಡರೆ ಬೆಂಬಲಿಗರು ಶಿಳ್ಳೆ ಹೊಡೆಯುತ್ತಾರೆ. 1997ರಲ್ಲಿ ಬಿಬಿಸಿಯ ಜೆರೆಮಿ ಪ್ಯಾಕ್ಸ್‌ಮನ್, ಮಾಜಿ ಗೃಹ ಸಚಿವ ಮೈಕೆಲ್ ಹೊವಾರ್ಡ್ ಅವರಿಗೆ ಒಂದೇ ಪ್ರಶ್ನೆಯನ್ನು ಹತ್ತಕ್ಕೂ ಹೆಚ್ಚು ಸಲ ಕೇಳಿದರು. ಜೈಲು ಇಲಾಖೆಯ ಮುಖ್ಯಸ್ಥರ ತೀರ್ಮಾನವನ್ನು ತಳ್ಳಿಹಾಕುತ್ತೇನೆಂದು ನೀವು ಬೆದರಿಸಿದ್ದಿರಾ ಎಂಬುದಷ್ಟೇ ಪ್ರಶ್ನೆ. ಕೂಗಲಿಲ್ಲ, ಹಂಗಿಸಲಿಲ್ಲ. ಹೌದು ಅಥವಾ ಇಲ್ಲ ಎಂಬ ಉತ್ತರ ಬರಲಿಲ್ಲವೆಂದು ಮತ್ತೆ ಕೇಳಿದರು. ಆ ಸಚಿವರು ಉತ್ತರ ಕೊಡಲಿಲ್ಲ ಎಂಬುದೇ ನೋಡಿದವರಿಗೆಲ್ಲ ಸಿಕ್ಕ ಉತ್ತರ.

ನನ್ನ ಮಾತಿಗೆ ಗಟ್ಟಿಯಾದ ಒಂದು ಆಕ್ಷೇಪವಿದೆ. ಬಿಗಿಯಾಗಿ ಕೇಳುತ್ತಾ ಹೋದರೆ ಮಾತು ಬಲ್ಲವರು ಮಾತ್ರ ಉಳಿದುಕೊಳ್ಳುತ್ತಾರೆ, ಕೆಲಸ ಬಲ್ಲವರು ತಡವರಿಸುತ್ತಾರೆ. ಇದು ನಿಜ. ವೇದಿಕೆ ಮೇಲೆ ಎರಡು ಮಾತು ಜೋಡಿಸಲು ಬಾರದಿದ್ದರೂ ಬೆಂಗಳೂರಿಗೆ ಹೋಗಿ ಫೈಲ್ ಹಿಡಿದು ಕೂತು ಕೆಲಸ ಮಾಡಿಸಿಕೊಂಡು ಬರುವವರನ್ನು ನಮ್ಮ ಊರುಗಳು ಕಂಡಿವೆ. ಮೊದಲ ಸಲ ನಿಲ್ಲುವ ಹೆಣ್ಣುಮಗಳು, ಮೀಸಲು ಕ್ಷೇತ್ರದಲ್ಲಿ ಬೆನ್ನ ಹಿಂದೆ ದುಡ್ಡಿಲ್ಲದೆ ನಿಂತವರು, ಇವರನ್ನೆಲ್ಲ ಕ್ಯಾಮೆರಾ ಮುಂದೆ ತಬ್ಬಿಬ್ಬು ಮಾಡುವುದು ಸುಲಭ. ಆದರೆ ಇದಕ್ಕೆ ಮದ್ದಿದೆ. ಪ್ರಶ್ನೆಯನ್ನು ಎರಡು ದಿನ ಮೊದಲೇ ಕೊಡಿ. ಕಾಗದ ಪತ್ರ ತರಲಿ, ತಿಳಿದವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲಿ. "ನಂಗೆ ಗೊತ್ತಿಲ್ಲ, ತಿಳ್ಕಂಡು ಹೇಳ್ತೀನಿ" ಎಂದರೆ ಅದು ಮರ್ಯಾದೆಯ ಉತ್ತರವೇ. ಆದರೆ ವಾರ ಬಿಟ್ಟು ಅದೇ ವರದಿಗಾರ ಅದೇ ಪ್ರಶ್ನೆ ಹಿಡಿದು ಮತ್ತೆ ಹೋಗಬೇಕು. ಎರಡನೇ ಪ್ರಶ್ನೆ ಅದೇ ದಿನ ಕೇಳಬೇಕೆಂದೇನೂ ಇಲ್ಲ.

ಎಲ್ಲರಿಗೂ ಒಂದೇ ತೂಕದ ಪ್ರಶ್ನೆ ಇರಬೇಕು ಎಂಬುದೂ ಅಷ್ಟೇ ಮುಖ್ಯ. 2024ರಲ್ಲಿ ದಾವಣಗೆರೆಯಿಂದ ಎರಡೂ ದೊಡ್ಡ ಪಕ್ಷಗಳು ಮಹಿಳೆಯರನ್ನು ನಿಲ್ಲಿಸಿದವು, ಕಾಂಗ್ರೆಸ್ಸಿನಿಂದ ಪ್ರಭಾ ಮಲ್ಲಿಕಾರ್ಜುನ, ಬಿಜೆಪಿಯಿಂದ ಗಾಯತ್ರಿ ಸಿದ್ದೇಶ್ವರ. ಆ ಹೊತ್ತಿನಲ್ಲಿ ಕಾಂಗ್ರೆಸ್ಸಿನ ಹಿರಿಯ ಶಾಸಕ ಶಾಮನೂರು ಶಿವಶಂಕರಪ್ಪ ಅವರು ಎದುರು ಪಕ್ಷದ ಅಭ್ಯರ್ಥಿ ಅಡುಗೆ ಮಾಡಲಷ್ಟೇ ಲಾಯಕ್ಕು, ಜನರ ಮುಂದೆ ಮಾತಾಡುವ ಶಕ್ತಿ ಇಲ್ಲ ಎಂಬ ಅರ್ಥದಲ್ಲಿ ಆಡಿದ ಮಾತು ದೇಶದ ತುಂಬ ಸುದ್ದಿಯಾಯಿತು, ಆಯೋಗಕ್ಕೆ ದೂರೂ ಹೋಯಿತು. ಆ ಮಾತು ತಪ್ಪು, ಅದರಲ್ಲಿ ಎರಡು ಅಭಿಪ್ರಾಯ ನನಗಿಲ್ಲ. ನನ್ನ ನೋವು ಅದರ ಮುಂದಿನದು. ಮಾತಾಡಲು ಬರುತ್ತದೋ ಇಲ್ಲವೋ ಎಂಬುದನ್ನು ಪಕ್ಷಗಳು ತಾವೇ ತೀರ್ಮಾನ ಮಾಡಿದವು. ಇಬ್ಬರೂ ಹೆಣ್ಣುಮಕ್ಕಳನ್ನು ಒಂದೇ ಮೇಜಿನ ಮುಂದೆ ಕೂರಿಸಿ, ಮಾವ, ಗಂಡ, ಮನೆತನದ ಮಾತು ಬಿಟ್ಟು, ಭದ್ರೆಯ 12.50 ಟಿಎಂಸಿಯ ಬಗ್ಗೆ ನಿಮ್ಮ ನಿಲುವೇನು ಎಂದು ಕೇಳಿದ್ದರೆ, ಅದೇ ಅವರಿಗೆ ತೋರಿಸಬಹುದಾಗಿದ್ದ ಗೌರವ.

ಕೇಳಲು ಸರಕಿಗೆ ಕೊರತೆಯಿಲ್ಲ. ಪತ್ರಕರ್ತರಿಗೆ ಉತ್ತರ ಕೊಡಲೇಬೇಕು ಎಂಬ ಕಾನೂನಿಲ್ಲ. ಆದರೆ 2002ರ ಸುಪ್ರೀಂ ಕೋರ್ಟ್ ತೀರ್ಪಿನಿಂದಾಗಿ ಪ್ರತಿ ಅಭ್ಯರ್ಥಿಯೂ ತನ್ನ ಆಸ್ತಿ, ಸಾಲ, ಓದು, ಕ್ರಿಮಿನಲ್ ಪ್ರಕರಣಗಳನ್ನು ಪ್ರಮಾಣಪತ್ರದಲ್ಲಿ ಬರೆದುಕೊಡಬೇಕು. ಆಯೋಗದ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ತೆಗೆದು ನೋಡಬಹುದು. ಪ್ರಕರಣ ಇರುವವರಿಗೆ ಯಾಕೆ ಟಿಕೆಟ್ ಕೊಟ್ಟೆವು, ಪ್ರಕರಣ ಇಲ್ಲದವರು ಯಾಕೆ ಸಿಗಲಿಲ್ಲ ಎಂದು ಪಕ್ಷವೇ ಕಾರಣ ಪ್ರಕಟಿಸಬೇಕು, ಗೆಲ್ಲುವ ಕುದುರೆ ಎಂಬುದಷ್ಟೇ ಕಾರಣವಾಗಬಾರದು ಎಂದು 2020ರ ಫೆಬ್ರುವರಿಯಲ್ಲಿ ಕೋರ್ಟ್ ಹೇಳಿದೆ. ಆ ಪ್ರಕಟಣೆಗಳು ಒಳಪುಟದ ಮೂಲೆಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಬರುತ್ತವೆ. ಅದನ್ನು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡು ಸಂವಾದಕ್ಕೆ ಹೋಗುವ ವರದಿಗಾರನಿಗೆ ಬೇರೆ ತಯಾರಿಯೇ ಬೇಡ. ಹಿಂದಿನ ಚುನಾವಣೆಯ ಪ್ರಮಾಣಪತ್ರವನ್ನೂ ಪಕ್ಕದಲ್ಲಿಟ್ಟುಕೊಂಡರೆ ಆಸ್ತಿ ಎಷ್ಟು ಬೆಳೆದಿದೆ ಎಂಬ ಪ್ರಶ್ನೆ ತಾನಾಗಿ ಹುಟ್ಟುತ್ತದೆ.

ಎದುರು ಕೂರಿಸಿ ಕೇಳುವುದು ನಮ್ಮ ಸಂಸ್ಕೃತಿಯಲ್ಲ ಎನ್ನುವವರಿಗೆ ಸಿರಿಗೆರೆ ತೋರಿಸಬೇಕು. ಅಲ್ಲಿನ ತರಳಬಾಳು ಮಠದಲ್ಲಿ ಸೋಮವಾರ ನಡೆಯುವ ಸದ್ಧರ್ಮ ನ್ಯಾಯಪೀಠಕ್ಕೆ ಎರಡೂ ಜಿಲ್ಲೆಯ ಜನ ಜಮೀನಿನ ವ್ಯಾಜ್ಯ, ಅಣ್ಣತಮ್ಮಂದಿರ ಪಾಲು, ಗಂಡ ಹೆಂಡಿರ ಜಗಳ ಹೊತ್ತು ಬರುತ್ತಾರೆ. ಎರಡೂ ಕಡೆಯವರು ಎದುರೆದುರು ನಿಂತು ಹೇಳಬೇಕು, ಸ್ವಾಮೀಜಿ ಕೇಳಿದ್ದಕ್ಕೆ ಉತ್ತರ ಕೊಡಬೇಕು. ಊರ ಜನರ ಮುಂದೆ ಹೀಗೆ ನಿಲ್ಲುವುದನ್ನು ಅಲ್ಲಿ ಯಾರೂ ಅವಮಾನ ಅಂದುಕೊಳ್ಳುವುದಿಲ್ಲ. ಇನ್ನು ದೊಡ್ಡವರೆಂಬ ಅಂಜಿಕೆಯ ಮಾತು: 1962ರಲ್ಲಿ ಎಸ್. ನಿಜಲಿಂಗಪ್ಪನವರಂಥ ಎಸ್. ನಿಜಲಿಂಗಪ್ಪನವರನ್ನೇ ಹೊಸದುರ್ಗದ ಮತದಾರರು ಸೋಲಿಸಿದ್ದರು. ರಾಜ್ಯಕ್ಕೆ ಅವರು ಎಷ್ಟು ದೊಡ್ಡವರು ಎಂಬುದು ಆ ಜನರಿಗೆ ಗೊತ್ತಿರಲಿಲ್ಲವೆಂದಲ್ಲ. ತಮ್ಮ ಮತ ತಮ್ಮದು ಎಂಬುದೂ ಗೊತ್ತಿತ್ತು.

ನಮ್ಮಲ್ಲಿ ಜಿಲ್ಲಾ ಪಂಚಾಯ್ತಿ, ತಾಲ್ಲೂಕು ಪಂಚಾಯ್ತಿಗಳಿಗೆ ಕೊನೆಯ ಚುನಾವಣೆ ನಡೆದದ್ದು 2016ರಲ್ಲಿ. ಅವಧಿ 2021ಕ್ಕೆ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆ ಮುಂದೆ ಹೋಗುತ್ತಲೇ ಬಂತು. ಈ ಪಂಚಾಯ್ತಿಗಳಿಗೇ ಆಗಲಿ, ವಿಧಾನಸಭೆಗೇ ಆಗಲಿ, ಮುಂದಿನ ಸಲ ಮತ ಕೇಳಲು ಬರುವಾಗ ದಾವಣಗೆರೆಯ ಮತ್ತು ಚಿತ್ರದುರ್ಗದ ಪತ್ರಕರ್ತ ಮಿತ್ರರು ಒಂದು ಕೆಲಸ ಮಾಡಲಿ ಎಂದು ಕೈ ಮುಗಿದು ಕೇಳುತ್ತೇನೆ. ಎರಡೂ ಊರಿನವರು ಕೂತು ಮೂರೇ ಮೂರು ಪ್ರಶ್ನೆ ಬರೆಯಲಿ. ತುಂಗೆಯ 17.40 ಟಿಎಂಸಿ ಭದ್ರೆಗೆ ಬೀಳುವ ಮೊದಲು ಭದ್ರೆಯಿಂದ ಎಷ್ಟು ಎತ್ತಬಹುದು, ಅಂಕಿಯಲ್ಲಿ ಹೇಳಿ. ನಾಲೆಯ ಅಕ್ರಮ ಪಂಪ್‌ಸೆಟ್ ತೆಗೆಸುವಿರೋ ಇಲ್ಲವೋ. ನೇರ ರೈಲು ಮಾರ್ಗಕ್ಕೆ ನಿಮ್ಮ ಕ್ಷೇತ್ರದಲ್ಲಿ ಬಾಕಿ ಇರುವ ಜಮೀನು ಎಷ್ಟು ಎಕರೆ. ಈ ಮೂರನ್ನು ಒಂದೇ ದಿನ ಎರಡೂ ಜಿಲ್ಲೆಯ ಎಲ್ಲಾ ಪಕ್ಷದವರಿಗೂ, ಪಕ್ಷೇತರರಿಗೂ ಕೇಳಲಿ. ಒಬ್ಬರು ಕೇಳಿದ ಪ್ರಶ್ನೆಯನ್ನು ಮುಖಂಡರು ತಡೆದರೆ, ಮುಂದೆ ಏಳುವವರು ಲೀಡಿನ ಮಾತು ತೆಗೆಯದೆ ಅದನ್ನೇ ಕೇಳಲಿ. ಬಂದ ಉತ್ತರಗಳನ್ನು ಅವರವರ ಹೆಸರಿನ ಮುಂದೆ ಇಟ್ಟು ಒಂದೇ ಪುಟದಲ್ಲಿ ಎರಡೂ ಜಿಲ್ಲೆಯಲ್ಲಿ ಅಚ್ಚು ಹಾಕಲಿ. ಉತ್ತರ ಕೊಡದವರ ಹೆಸರಿನ ಮುಂದೆ ಜಾಗ ಖಾಲಿ ಬಿಡಲಿ. ಆ ಪುಟಕ್ಕೆ ಯಾವ ಮುಖಂಡರ ಜಾಹೀರಾತೂ ಬೇಡ. ಅದರ ಖರ್ಚಿಗೆ ಕೊನೇ ಭಾಗದ ಹಳ್ಳಿಗಳಿಂದ ಚಂದಾ ಎತ್ತಿಕೊಡಲು ನಾನು, ನಮ್ಮೂರಿನವರು ತಯಾರಿದ್ದೇವೆ.